ಗಿರಿಜಕ್ಕನ ನಲವತ್ತು ಸೆಕೆಂಡು

ನಾನು ಓದು ನಿಲ್ಲಿಸಿದ್ದು 1995ರಲ್ಲಿ, ಎಂಟನೇ ತರಗತಿಯ ಅರ್ಧದಲ್ಲಿ. ಯಾರೂ ಬಿಡಿಸಲಿಲ್ಲ. ಬೆಳಿಗ್ಗೆ ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಪತ್ರಿಕೆಯ ಕಟ್ಟು ಬಿಡಿಸಿ ಅಂಗಡಿಗಳಿಗೆ ಹಂಚುವ ಕೆಲಸ ಸಿಕ್ಕಿತ್ತು. ಅದು ಮುಗಿಯುವಾಗ ಶಾಲೆಯ ಗಂಟೆ ಹೊಡೆದಾಗಿರುತ್ತಿತ್ತು. ದಿನಾ ತಡವಾಗಿ ಹೋಗಿ ಬಾಗಿಲಲ್ಲಿ ನಿಲ್ಲುವುದಕ್ಕಿಂತ ಹೋಗದಿರುವುದೇ ಮರ್ಯಾದೆ ಎಂದು ಆಗ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಹಂಚುತ್ತ ಓದಲು ಕಲಿತೆ, ಓದುತ್ತ ಬರೆಯಲು ಕಲಿತೆ. ಮೊದಲು ಅಚ್ಚಾದದ್ದು ಅರಂತೋಡಿನ ತಿರುವಿನಲ್ಲಿ ಮಗುಚಿದ ಲಾರಿಯ ಸುದ್ದಿ, ನಾಲ್ಕೇ ಸಾಲು. ಈಗ ನಾನು ಒಂದು ದಿನಪತ್ರಿಕೆಗೆ ಸುಳ್ಯ ಮತ್ತು ಕಡಬದ ಸ್ಟ್ರಿಂಗರ್. ಸ್ಟ್ರಿಂಗರ್ ಎಂದರೆ ಸಂಬಳದ ನೌಕರ ಅಲ್ಲ; ಸುದ್ದಿ ಅಚ್ಚಾದರೆ ದುಡ್ಡು ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಕಚೇರಿ ಪುತ್ತೂರಿನಲ್ಲಿ, ಎರಡು ಕೋಣೆಯದ್ದು. ಬಂದ ಸುದ್ದಿಯನ್ನು ತಿದ್ದಿ ಪುಟ ಕಟ್ಟುವ ಡೆಸ್ಕ್ ಅಲ್ಲಿಲ್ಲ, ಬಹಳ ದೂರದ ನಗರದಲ್ಲಿದೆ. ಡೆಸ್ಕಿನವರ ದನಿ ಗೊತ್ತು, ಮುಖ ಗೊತ್ತಿಲ್ಲ.

ಇಂಟರ್ನ್‌ಶಿಪ್ ಎಂದು ಕಾಲೇಜಿನವರು ಪತ್ರಿಕೋದ್ಯಮದ ಮಕ್ಕಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಒಂದು ತಿಂಗಳು ನನ್ನ ಸ್ಕೂಟರಿನ ಹಿಂದೆ ಕೂತು ಕೆಲಸ ಕಲಿಯಬೇಕು. ನಾನೆಷ್ಟು ಓದಿದವ ಎಂದು ಕಳಿಸುವವರು ಕೇಳುವುದಿಲ್ಲ. ಕೇಳಿದರೆ ಮುಚ್ಚಿಡುವವನೂ ನಾನಲ್ಲ.

ಕಳೆದ ವರ್ಷ ಬೇಸಿಗೆಯಲ್ಲಿ ಬಂದವಳು ಶ್ರಾವ್ಯ. ಈಶ್ವರಮಂಗಲದ ಹುಡುಗಿ, ಪುತ್ತೂರಿನಲ್ಲಿ ಡಿಗ್ರಿಯ ಕೊನೆಯ ವರ್ಷ. ಗಡಿಯ ಊರಿನವಳಾದ್ದರಿಂದ ತುಳು, ಮಲಯಾಳ ಎರಡೂ ನೀರು ಕುಡಿದ ಹಾಗೆ ಬರುತ್ತಿತ್ತು. ಸುಳ್ಯ ಕಡೆಯ ಗೌಡರ ಅರೆಭಾಷೆ ಮಾತ್ರ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ.

ಮೊದಲ ವಾರ ಕಡಬಕ್ಕೆ ಕಳಿಸಿದೆ. ಹಳ್ಳಿಗಳಿಗೆ ಹೋಗುವ ಜೀಪುಗಳಿಗೆ ನಿಲ್ಲಲು ಜಾಗವಿಲ್ಲ ಎಂಬ ಸಣ್ಣ ಸುದ್ದಿ. ಒಬ್ಬ ಡ್ರೈವರನ ಎದುರು ನಿಂತವಳೇ ಫೋನ್ ಹಿಡಿದು, "ನಮಸ್ಕಾರ, ನಾನು ಪತ್ರಿಕೆಯಿಂದ ಬಂದಿದ್ದೇನೆ, ನಿಮ್ಮ ಸಮಸ್ಯೆ ಎಂತ?" ಎಂದು ಕೇಳಿದಳಂತೆ.

"ನೀನು ಪೇಪರಿನವಳಾ?" ಎಂದನಂತೆ ಡ್ರೈವರ್. "ಹಾಗಾದ್ರೆ ನಂಗೆ ಸಮಸ್ಯೆ ಇಲ್ಲ. ಪೇಪರಿನವಳು ಅಲ್ಲದಿದ್ರೆ ಉಂಟು."

ಉಳಿದವರು ನಕ್ಕರಂತೆ. ಬಂದು ಮುಖ ಸಣ್ಣ ಮಾಡಿ ಕೂತಳು. ನಾನು ಹೇಳಿದೆ: ಫೋನ್ ಚೀಲದಲ್ಲಿರಲಿ. ಮೊದಲು ಜೀಪು ಹತ್ತಿ ಕೂತುಕೋ, ಅವನ ಊರಿನ ತನಕ ಹೋಗು. ಹೋಗುವಾಗ ಎಂತದ್ದೂ ಕೇಳಬೇಡ. ಬರುವಾಗ ಅವನೇ ಹೇಳುತ್ತಾನೆ. ಮರುದಿನ ಹಾಗೇ ಮಾಡಿದಳು, ಅವನು ಹೇಳಿದ. ಸುದ್ದಿ ಬಂತು.

ಸೋರ್ಸ್ ಎಂಬುದು ನಮ್ಮ ವೃತ್ತಿಯ ದೊಡ್ಡ ಶಬ್ದ. ಸುದ್ದಿಯ ಮೂಲ, ಅಂದರೆ ವಿಷಯ ಗೊತ್ತಿದ್ದು ಹೇಳುವ ಮನುಷ್ಯ. ಅವರ ಹತ್ತಿರ ಹೋಗುವ ಕ್ರಮ ಉಂಟು. ಮನೆಗೆ ಹೋದರೆ ಕೊಟ್ಟದ್ದನ್ನು ಕುಡಿಯಬೇಕು. ಹೇಳಿದ ಮಾತನ್ನು ಬರೆದ ಮೇಲೆ ಅವರಿಗೇ ಓದಿ ಹೇಳಬೇಕು. ಇದು ಬರೆಯಬೇಡಿ ಎಂದರೆ ಬರೆಯಬಾರದು. ಇದಕ್ಕೆ ಆಫ್ ದಿ ರೆಕಾರ್ಡ್ ಎನ್ನುತ್ತಾರೆ. ಆ ಹೆಸರು ನನಗೆ ಶ್ರಾವ್ಯಳಿಂದಲೇ ಗೊತ್ತಾದದ್ದು. ಪಾಲಿಸುತ್ತಿದ್ದದ್ದು ಅವಳು ಹುಟ್ಟುವ ಮೊದಲಿನಿಂದ.

ಮೂರನೇ ವಾರ ಪದ್ಮಯ್ಯನ ಫೋನ್ ಬಂತು. ಅರಂತೋಡಿನಿಂದ ಒಳಗೆ ಹೋಗುವ ಒಂದು ಊರಿನ ಪಂಚಾಯತ್ ಸದಸ್ಯ ಅವನು, ನನಗೆ ಹಳೆಯ ಪರಿಚಯ. ಆ ಊರಿನ, ಹೊಳೆಯ ಹೆಸರು ಬರೆಯುವುದಿಲ್ಲ. ಜನರ ಹೆಸರನ್ನೂ ಬದಲಿಸಿದ್ದೇನೆ.

"ಶೀನಣ್ಣ, ನಮ್ಮ ಸಂಕದ ವಿಷಯ ಒಂದು ಹಾಕಿ ಮಾರಾಯ್ರೆ," ಎಂದ. "ಇಂಜಿನಿಯರ್ ಮೂರು ಕಡೆ ಜಾಗ ನೋಡಿ ಹೋಗಿದ್ದಾರೆ. ಸೇತುವೆ ಆಗುದು ಒಂದೇ ಕಡೆ. ಬರುವ ವಾರ ಮೀಟಿಂಗ್ ಉಂಟು. ಪೇಪರಿನಲ್ಲಿ ಬಂದ್ರೆ ನಂಗೆ ಮಾತಾಡ್ಲಿಕ್ಕೆ ಒಂದು ಬಲ."

ವಿಷಯ ಇಷ್ಟು. ಹೊಳೆಯ ಆಚೆ ಹನ್ನೊಂದು ಮನೆ. ಈಚೆಗೆ ಬರಲು ಅಡಿಕೆ ಮರ ಜೋಡಿಸಿ ಕಟ್ಟಿದ ಕಾಲುಸಂಕ, ಒಂದು ಬದಿಗೆ ಹಿಡಿದು ನಡೆಯಲು ಬಿದಿರಿನ ಕೈತಾಂಗು. ನಡೆಯುವವರಿಗೆ ಅದು ಸಾಕು. ಆದರೆ ಕುಶಾಲಪ್ಪನಿಗೆ ನಡೆಯಲಾಗುವುದಿಲ್ಲ. ಅಡಿಕೆ ಕೊಯ್ಯಲು ಮರ ಹತ್ತುತ್ತಿದ್ದ ಆತನಿಗೆ ಎರಡು ವರ್ಷದ ಹಿಂದೆ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಸ್ಪರ್ಶವೇ ಇಲ್ಲ. ಅಂಥವರಿಗೆ ಮಲಗಿದಲ್ಲೇ ಹುಣ್ಣಾಗುತ್ತದೆ, ಬೆಡ್‌ಸೋರ್. ನೋವು ತಿಳಿಯುವುದಿಲ್ಲ, ಒಳಗೇ ಬೆಳೆಯುತ್ತದೆ. ವಾರಕ್ಕೊಮ್ಮೆಯಾದರೂ ಸುಳ್ಯದ ಆಸ್ಪತ್ರೆಯಲ್ಲಿ ತೊಳೆದು ಕಟ್ಟಿಸಬೇಕು. ಅದಕ್ಕೆ ನಾಲ್ಕು ಜನ ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಹಗ್ಗದಲ್ಲಿ ಕಟ್ಟಿ, ಸಂಕದ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದು ದಾಟಿಸುತ್ತಿದ್ದರು. ಆ ನಾಲ್ವರಲ್ಲಿ ಪದ್ಮಯ್ಯನೂ ಒಬ್ಬ. ಮಳೆಗಾಲದಲ್ಲಿ ಸಂಕ ಜಾರುತ್ತದೆ, ನೀರು ಏರಿದರೆ ಮುಳುಗುತ್ತದೆ. ಮಳೆ ಹಿಡಿಯುವ ಮೊದಲು ಗಾಡಿ ಹೋಗುವಷ್ಟಲ್ಲದಿದ್ದರೂ ಗಟ್ಟಿ ಕಾಲುಸೇತುವೆ ಒಂದು ಆಗಬೇಕು. ಆಗದಿದ್ದರೆ ಆ ಮನುಷ್ಯ ನಾಲ್ಕು ತಿಂಗಳು ಆಚೆಯೇ.

ನಾವು ಹೋದದ್ದು ಭಾನುವಾರ, ಪದ್ಮಯ್ಯನೂ ಜೊತೆಗಿದ್ದ. ಕುಶಾಲಪ್ಪನ ಹೆಂಡತಿ ಗಿರಿಜಕ್ಕ ಅಂಗಳಕ್ಕೇ ಬಂದು, "ಬನ್ನಿ, ಕುದ್ರಿ" ಎಂದರು. ಪುನರ್ಪುಳಿ ಶರಬತ್ತು ಕೊಟ್ಟರು. ಶ್ರಾವ್ಯ ಎರಡು ಲೋಟ ಕುಡಿದಳು, ಫೋನ್ ತೆಗೆಯಲಿಲ್ಲ. ಕಲಿತದ್ದನ್ನು ಮರೆಯುವ ಹುಡುಗಿ ಅಲ್ಲ.

ಕುಶಾಲಪ್ಪ ಜಗಲಿಯ ಮಂಚದಲ್ಲಿದ್ದ. ಮೊದಲಿನಿಂದಲೂ ತಮಾಷೆಯ ಜನ.

"ಎಂತ ತಂಗಿ, ನನ್ನ ಬಗ್ಗೆ ಬರೀಲಿಕ್ಕೆ ಬಂದದ್ದಾ?" ಎಂದ. "ಬರಿ. ಸಂಕ ದಾಟಿದ್ರೆ ಬೀಳ್ತೇನೆ, ದಾಟದಿದ್ರೆ ಕೊಳೀತೇನೆ. ಯಾವ್ದು ಒಳ್ಳೇದು ಅಂತ ನೀನೇ ಒಂದು ತೀರ್ಮಾನ ಬರಿ."

"ಇದನ್ನು ಹಾಗೇ ಹಾಕ್ಲಾ?" ಎಂದು ಶ್ರಾವ್ಯ ಕೇಳಿದಳು.

"ಹಾಕು. ಪಟ ಮಾತ್ರ ಬೇಡ. ಮಲಗಿದವನ ಪಟ ಸತ್ತವನ ಪಟದ ಹಾಗೆ ಕಾಣ್ತದೆ."

ಗಿರಿಜಕ್ಕ ನಮ್ಮಿಬ್ಬರನ್ನು ಮಾತ್ರ ಒಳಗೆ ಕರೆದರು. ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿ, ಬಾಗಿಲು ಅರ್ಧ ಮುಚ್ಚಿ ಮಾತಾಡಿದರು. ಅಪ್ಪಟ ಅರೆಭಾಷೆಯಲ್ಲಿ, ತಗ್ಗಿದ ದನಿಯಲ್ಲಿ, ತಡೆಯಿಲ್ಲದೆ. ಶ್ರಾವ್ಯಳಿಗೆ ತಿಳಿಯದ್ದನ್ನು ನಾನು ನಡುವೆ ಹೇಳಿದೆ. ಹಿಂದಿನ ಮಳೆಗಾಲದಲ್ಲಿ ಸಂಕದ ಮೇಲೆ ಏನಾಯಿತು, ಯಾರು ಏನು ಅಂದರು, ಯಾವ ಮಾತಿಗೆ ತಾನು ಉತ್ತರ ಕೊಡದೆ ನುಂಗಿಕೊಂಡೆ, ಎಲ್ಲ ಹೇಳಿದರು. ಮುಗಿಸಿ, "ಇದು ಪೇಪರಿಗೆ ಅಲ್ಲ. ಪೇಪರಿಗೆ ಬೇರೆ ಹೇಳ್ತೇನೆ," ಎಂದರು. ಅವರು ಹೇಳಿದ್ದನ್ನು ಇಲ್ಲಿಯೂ ನಾನು ಬರೆಯುವುದಿಲ್ಲ. ಆ ಮಾತನ್ನು ಅವರಿನ್ನೂ ಹಿಂದೆ ತೆಗೆದುಕೊಂಡಿಲ್ಲ.

ಪೇಪರಿಗೆ ಹೇಳಲು ಅವರು ಸೀರೆ ಬದಲಿಸಿ ಬಂದರು. ಈಗ ಬರಹದ ಸುದ್ದಿ ಮಾತ್ರ ಸಾಲದು, ಪತ್ರಿಕೆಯ ಫೋನಿನ ಪುಟಕ್ಕೆ ಒಂದು ವಿಡಿಯೊ ತುಂಡು ಬೇಕು. ಬೈಟ್ ಎನ್ನುತ್ತಾರೆ. ಶ್ರಾವ್ಯ ಅನುಮತಿ ಕೇಳಿಯೇ ಫೋನ್ ಹಿಡಿದಳು. ಗಿರಿಜಕ್ಕ ಕೈ ಮುಗಿದರು. ಅವರ ಭಾಷೆಯೇ ಬದಲಾಯಿತು.

"ಎಲ್ಲರಿಗೂ ನಮಸ್ಕಾರ. ಮೊದಲನೆಯದಾಗಿ, ನಮ್ಮ ಈ ಕಷ್ಟಕಾಲದಲ್ಲಿ ಸರ್ವ ರೀತಿಯಲ್ಲಿ ಸಹಕರಿಸಿದ ಪಂಚಾಯತಿನ ಅಧ್ಯಕ್ಷರಿಗೂ, ಸದಸ್ಯರಿಗೂ, ಊರ ಹತ್ತು ಸಮಸ್ತರಿಗೂ ನನ್ನ ಹೃತ್ಪೂರ್ವಕ ಧನ್ಯವಾದಗಳು. ಎಲ್ಲರ ಸಹಕಾರದಿಂದ ನಾವು ಇಂದು ಚೆನ್ನಾಗಿದ್ದೇವೆ…"

ಜಗಲಿಯಿಂದ ಕುಶಾಲಪ್ಪ ಕೂಗಿದ: "ಎಂತದು, ವಂದನಾರ್ಪಣೆಯಾ? ಸ್ವಾಗತ ಭಾಷಣ ಯಾರು ಮಾಡಿದ್ದು?"

ನಾವೆಲ್ಲ ನಕ್ಕೆವು. ಗಿರಿಜಕ್ಕನೂ ನಕ್ಕು, ಮತ್ತೆ ಮುಖ ಗಂಭೀರ ಮಾಡಿಕೊಂಡು ಮುಂದುವರಿಸಿದರು.

ಇದು ನಮ್ಮ ಕಡೆಯವರಿಗೆ ಹೊಸತಲ್ಲ. ಮನೆಯ ಮಾತು ತುಳು, ಇಲ್ಲ ಅರೆಭಾಷೆ. ಪುಸ್ತಕದ ಕನ್ನಡ ನಮಗೆ ಸಿಗುವುದು ಶಾಲೆಯಲ್ಲಿ ಮತ್ತು ಸಭೆಯಲ್ಲಿ. ಸಂಘದ ಮಹಾಸಭೆ, ಭಜನಾ ಮಂಡಳಿಯ ವಾರ್ಷಿಕೋತ್ಸವ, ಶಾಲೆಯ ಕಾರ್ಯಕ್ರಮ, ಎಲ್ಲ ಕಡೆ ಮೈಕ್ ಉಂಟು, ಮೈಕಿನ ಎದುರು ನಿಲ್ಲುವ ಕ್ರಮವೂ ಉಂಟು. ಗಿರಿಜಕ್ಕ ಸ್ವಸಹಾಯ ಸಂಘದಲ್ಲಿ ಆರು ವರ್ಷ ಕಾರ್ಯದರ್ಶಿಯಾಗಿದ್ದವರು. ಫೋನ್ ಎದುರಾದರೆ ಅದು ಸಭೆ. ಸಭೆಯಲ್ಲಿ ಮೊದಲು ಉಪಕಾರ ನೆನೆಯಬೇಕು, ಆಮೇಲೆ ಬೇಡಿಕೆ. ನೇರವಾಗಿ ಬೇಡಿಕೆಗೆ ಹೋದವರನ್ನು ನಮ್ಮಲ್ಲಿ ಸಂಸ್ಕಾರ ಇಲ್ಲದವರು ಎನ್ನುತ್ತಾರೆ. ನಾನು ಪಕ್ಕದಲ್ಲೇ ನಿಂತಿದ್ದೆ. ಅದರಲ್ಲಿ ನನಗೆ ಏನೂ ವಿಚಿತ್ರ ಕಾಣಲಿಲ್ಲ.

ಆಮೇಲೆ ಅವರು ಬೇಡಿಕೆಗೂ ಬಂದರು. ಮಳೆಗಾಲದ ಒಳಗೆ ಸೇತುವೆ ಮಾಡಿಕೊಡಬೇಕೆಂದು ವಿನಂತಿ, ತಮ್ಮ ಯಜಮಾನರ ಹುಣ್ಣಿನ ವಿಷಯ, ಎಲ್ಲ ಚೆನ್ನಾಗಿಯೇ ಹೇಳಿದರು. ಒಟ್ಟು ನಾಲ್ಕು ನಿಮಿಷ. ಶ್ರಾವ್ಯ ಸಂಕದ ಪಟ ತೆಗೆದಳು, ಪದ್ಮಯ್ಯನ ಹೇಳಿಕೆ ಬರೆದಳು, ಇಂಜಿನಿಯರಿಗೂ ಫೋನ್ ಮಾಡಿ ಕೇಳಿದಳು. ಸಂಜೆ ಪುತ್ತೂರಿನ ಕಚೇರಿಯಲ್ಲಿ ಕೂತು ಬರೆದ ವರದಿಯನ್ನು ಓದಿ ನಾನು ಒಂದು ಅಲ್ಪವಿರಾಮ ಕೂಡ ತಿದ್ದಲಿಲ್ಲ. ಕುಶಾಲಪ್ಪನ ಮಾತಿನಿಂದಲೇ ಶುರು ಮಾಡಿದ್ದಳು.

ವರದಿ, ವಿಡಿಯೊ ಎರಡನ್ನೂ ಡೆಸ್ಕಿಗೆ ಕಳಿಸಿದೆವು.

ಮರುದಿನ ವರದಿ ಬರಲಿಲ್ಲ, ಜಾಹೀರಾತು ಜಾಸ್ತಿ ಇತ್ತು. ಅದರ ಮರುದಿನವೂ ಬರಲಿಲ್ಲ. ಆದರೆ ಫೋನಿನ ಪುಟಕ್ಕೆ ಜಾಹೀರಾತಿನ ತಡೆ ಇಲ್ಲ. ಸೋಮವಾರ ಮಧ್ಯಾಹ್ನವೇ ವಿಡಿಯೊ ಹಾಕಿದ್ದರು, ನಲವತ್ತು ಸೆಕೆಂಡಿಗೆ ಕತ್ತರಿಸಿ. ಮೊದಲ ನಲವತ್ತು ಸೆಕೆಂಡು. ನಮಸ್ಕಾರ, ಅಧ್ಯಕ್ಷರು, ಸದಸ್ಯರು, ಹತ್ತು ಸಮಸ್ತರು, ಚೆನ್ನಾಗಿದ್ದೇವೆ. ಕುಶಾಲಪ್ಪನ ಕೂಗನ್ನೂ ನಮ್ಮ ನಗೆಯನ್ನೂ ತೆಗೆದು ಹಿಂದೆ ವೀಣೆಯ ಸಂಗೀತ ಕೊಟ್ಟಿದ್ದರು. ಮೇಲೆ ಶೀರ್ಷಿಕೆ: 'ನೆರವಾದವರಿಗೆ ಕೈಮುಗಿದ ಕುಟುಂಬ'.

ನಾನು ಡೆಸ್ಕಿಗೆ ಫೋನ್ ಮಾಡಿದೆ.

"ಇದರಲ್ಲಿ ದೂರು ಎಲ್ಲಿದೆ ಸಾರ್?" ಎಂದಿತು ಆ ದನಿ. ಹುಡುಗನದು, ಒಳ್ಳೆಯ ಹುಡುಗನೇ ಇರಬೇಕು. "ಆಯಮ್ಮ ಥ್ಯಾಂಕ್ಸ್ ಹೇಳ್ತಿದ್ದಾರೆ. ಪಾಸಿಟಿವ್ ಸ್ಟೋರಿ ಅಂದ್ಕೊಂಡ್ವಿ. ಚೆನ್ನಾಗಿ ಓಡ್ತಿದೆ ಕೂಡ."

"ಅದು ಧನ್ಯವಾದ ಅಲ್ಲ ಮಾರಾಯ, ಪೀಠಿಕೆ," ಎಂದೆ. "ಪೂರ್ತಿ ನೋಡಿದಿರಾ?"

"ದಿನಕ್ಕೆ ಇನ್ನೂರು ವಿಡಿಯೊ ಬರುತ್ತೆ ಸಾರ್."

ತೆಗೆಸಿದೆ. ಒಂದು ಗಂಟೆಯಲ್ಲಿ ತೆಗೆದರು. ಅಷ್ಟರಲ್ಲಿ ಅದು ಊರಿನ ವಾಟ್ಸಾಪ್ ಗುಂಪುಗಳಿಗೆಲ್ಲ ಹೋಗಿ ಮುಗಿದಿತ್ತು. ಅಧ್ಯಕ್ಷರು ತಮ್ಮ ಸ್ಟೇಟಸ್ಸಿಗೆ ಹಾಕಿಕೊಂಡಿದ್ದರು. ಅವರನ್ನೂ ದೂರಲಾರೆ. ತಮ್ಮ ಹೆಸರು ಹಿಡಿದು ಕೈ ಮುಗಿದದ್ದನ್ನು ಯಾರು ಹಾಕಿಕೊಳ್ಳುವುದಿಲ್ಲ?

ಗುರುವಾರ ವರದಿ ಅಚ್ಚಾಯಿತು, ಒಳಪುಟದಲ್ಲಿ ಎಂಟು ಸಾಲು. ಕುಶಾಲಪ್ಪನ ಮಾತು ಇರಲಿಲ್ಲ. ಹಾಸ್ಯದ ಹಾಗಿತ್ತು, ವಿಷಯ ಗಂಭೀರ, ಅದಕ್ಕೆ ತೆಗೆದೆವು ಎಂದರು ಡೆಸ್ಕಿನವರು.

ಮೀಟಿಂಗ್ ಅದರ ಮರುದಿನ. ಸಂಜೆ ಪದ್ಮಯ್ಯ ಸುಳ್ಯದಲ್ಲಿ ಸಿಕ್ಕಿದ. ಹೋಟೆಲಿನಲ್ಲಿ ಚಾ ತರಿಸಿ, ಕುಡಿಯದೆ ಕೂತಿದ್ದ.

"ನಾನು ಪೇಪರ್ ಹಿಡ್ಕೊಂಡು ಎದ್ದು ನಿಂತೆ ಶೀನಣ್ಣ. ಆ ಕಡೆ ವಾರ್ಡಿನವ ಫೋನ್ ತೆಗ್ದು ಆ ವಿಡಿಯೊ ಇಟ್ಟ. ಎಲ್ಲರೂ ನೋಡಿದ್ರು. 'ಚೆನ್ನಾಗಿದ್ದೇವೆ ಅಂತ ಅವರೇ ಹೇಳ್ತಾರಲ್ಲ ಪದ್ಮಯ್ಯಣ್ಣ, ನೀವು ಎಂತಕ್ಕೆ ಕಷ್ಟ ಪಡುದು?' ಅಂದ. ನಾನು ಎಂತ ಹೇಳುದು? ಅವಳು ಧನ್ಯವಾದ ಹೇಳಿದ್ದು ಸುಳ್ಳು ಅಂತ ಹೇಳ್ಲಾ? ಆ ಧನ್ಯವಾದ ನಂಗೂ ಸೇರಿ ಹೇಳಿದ್ದು."

ಆ ಕಡೆ ವಾರ್ಡಿನವರು ಹಿಂದಿನ ತಿಂಗಳು ರಸ್ತೆ ತಡೆದು ಕೂತಿದ್ದರು. ಸೇತುವೆ ಅಲ್ಲಿಗೆ ಎಂದು ತೀರ್ಮಾನವಾಯಿತು. ಅಲ್ಲಿಯೂ ಬೇಕಿತ್ತು, ಸುಳ್ಳಲ್ಲ. ಕುಶಾಲಪ್ಪನ ಕಡೆಯದ್ದು ಮುಂದಿನ ವರ್ಷಕ್ಕೆ.

"ಅವಳು ಅಡುಗೆಮನೆಯಲ್ಲಿ ನಿಮ್ಗೆ ಹೇಳಿದ್ಲಲ್ಲ, ಅದನ್ನು ಹಾಕಿ," ಎಂದ ಪದ್ಮಯ್ಯ. "ಮೇಲಿನವರ ಕಣ್ಣಿಗೆ ಬಿದ್ರೆ ಬದಲಾದೀತು. ಮೀಟಿಂಗಿನ ಕಾಗದ ಇನ್ನೂ ಮೇಲೆ ಹೋಗ್ಲಿಲ್ಲ."

ಪಕ್ಕದಲ್ಲಿ ಕೂತಿದ್ದ ಶ್ರಾವ್ಯ ನನ್ನ ಮುಖ ನೋಡಿದಳು. ಹಾಕಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಆ ಮಾತಿಗೆ ತೂಕ ಇತ್ತು, ಮೊದಲ ಪುಟಕ್ಕೆ ಹೋಗುವಂಥದ್ದು. ಆದರೆ ಕೊಟ್ಟ ಮಾತು ಮುರಿಯಲು ಇಬ್ಬರಿಗೂ ಆಗಲಿಲ್ಲ. ಕೇಳಿಯೇ ಹಾಕುವುದೆಂದು ಮರುದಿನ ಮತ್ತೆ ಹೊಳೆ ದಾಟಿದೆವು.

ಗಿರಿಜಕ್ಕ ಅಂಗಳದಲ್ಲೇ ನಿಂತು ಮಾತಾಡಿದರು. ಶ್ರಾವ್ಯ ಕ್ಷಮೆ ಕೇಳಿದಳು, ಪೂರ್ತಿ ನಾಲ್ಕು ನಿಮಿಷದ ವಿಡಿಯೊವನ್ನೇ ಹಾಕಿಸುತ್ತೇನೆ ಎಂದಳು. ಅದಾಗದಿದ್ದರೆ ಒಳಗೆ ಹೇಳಿದ್ದರಲ್ಲಿ ಒಂದೇ ಒಂದು ಮಾತು ಬರೆಯಲು ಬಿಡಿ ಎಂದಳು.

"ನೀನು ಕ್ಷಮೆ ಎಂತಕ್ಕೆ ಕೇಳುದು?" ಎಂದರು ಗಿರಿಜಕ್ಕ. "ನಾನು ಹೇಳದ್ದನ್ನು ನೀನು ಹಾಕ್ಲಿಲ್ಲ. ನಾನೇ ಹೇಳಿದ್ದು. ಈಗ ಅದಕ್ಕೆ ಸರಿಯಾಗಿ ಉಲ್ಟಾ ಹೇಳಿದ್ರೆ ಊರಿನವರು ನನ್ನನ್ನು ಎಂತ ಹೇಳಿಯಾರು? ಬೆಳಿಗ್ಗೆ ಕೈ ಮುಗಿದು ಸಂಜೆ ಬೈಯುವವಳು ಅಂತ."

"ಸೇತುವೆ ಹೋಗ್ತದಲ್ಲ ಅಕ್ಕ," ಎಂದಳು ಶ್ರಾವ್ಯ.

"ಸೇತುವೆ ಹೋಯ್ತು. ನಂಗೆ ಈಗ ಉಳಿದದ್ದು ಕುರ್ಚಿ ಹೊರುವ ನಾಲ್ಕು ಜನ. ಒಳಗೆ ಹೇಳಿದ್ದನ್ನು ನೀನು ಹಾಕಿದ್ರೆ ಆ ನಾಲ್ಕು ಜನವೂ ಇಲ್ಲ. ಹೋಗು ತಂಗಿ. ನೀರು ಬೇಕಾದ್ರೆ ಕುಡ್ದು ಹೋಗು."

ಮೂವತ್ತು ವರ್ಷದಲ್ಲಿ ಸುದ್ದಿ ಮಾಡಬೇಡ ಎಂದು ಬೆದರಿಸಿದವರನ್ನು ನೋಡಿದ್ದೇನೆ, ಬೇಡಿದವರನ್ನು ನೋಡಿದ್ದೇನೆ. ಲೆಕ್ಕ ಹಾಕಿ ಇಷ್ಟು ಸರಿಯಾಗಿ ಬಾಗಿಲು ಮುಚ್ಚಿದವರನ್ನು ನೋಡಿರಲಿಲ್ಲ. ಹೊಳೆ ದಾಟುವಾಗ ಶ್ರಾವ್ಯ ಕೈತಾಂಗು ಹಿಡಿದು ನಡುವಿನಲ್ಲಿ ಒಂದು ಗಳಿಗೆ ನಿಂತಳು. ನೀರು ಮೊಣಕಾಲಿನಷ್ಟೂ ಇರಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಎರಡು ಸಲ ಕುಶಾಲಪ್ಪನನ್ನು ದಾಟಿಸಿದರಂತೆ. ಆಮೇಲೆ ಸಂಕ ಮುಳುಗಿತು. ಆಶಾ ಕಾರ್ಯಕರ್ತೆ ನೀರು ಇಳಿದ ದಿನ ಹೋಗಿ ಹುಣ್ಣು ತೊಳೆದು ಬರುತ್ತಿದ್ದರು. ಮಳೆ ಜೋರಾಗುವ ಆಟಿ ತಿಂಗಳಲ್ಲಿ ಅವನಿಗೆ ಜ್ವರ ಬಂತು. ಹುಣ್ಣಿನ ವಿಷ ರಕ್ತಕ್ಕೆ ಸೇರಿದರೆ ಬರುವ ಜ್ವರ. ಸೆಪ್ಸಿಸ್ ಎನ್ನುತ್ತಾರೆ ಡಾಕ್ಟರು. ಹೊಳೆ ಮೂರು ದಿನ ಇಳಿಯಲಿಲ್ಲ. ನಾಲ್ಕನೇ ದಿನ ಪದ್ಮಯ್ಯ ಮತ್ತು ಉಳಿದ ಮೂವರು ಎದೆಮಟ್ಟದ ನೀರಿನಲ್ಲಿ, ಹಗ್ಗ ಕಟ್ಟಿ, ಕುರ್ಚಿಯನ್ನು ತಲೆಯ ಮೇಲೆ ಹೊತ್ತು ದಾಟಿಸಿದರು. ಸುಳ್ಯದಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಒಂದು ರಾತ್ರಿ ಇದ್ದ.

ಸುದ್ದಿ ತಿಳಿದು ನಾನು ಆ ಮನೆಗೆ ಹೋದೆ. ಬರೆಯಲಿಕ್ಕೆ ಅಲ್ಲ. ಅಂಗಳದ ಬದಿಯಲ್ಲಿ ಗಿರಿಜಕ್ಕನ ತಮ್ಮ ಎದುರಾದ.

"ಶೀನಣ್ಣ, ನೀವು ಬಂದದ್ದು ಸರಿ," ಎಂದ. "ಆದ್ರೆ ಪೇಪರಿನವರು ಇವತ್ತು ಬೇಡ."

"ನಾನು ಪೇಪರಿಗಾಗಿ ಬಂದದ್ದಲ್ಲ."

"ಗೊತ್ತುಂಟು. ಆದ್ರೂ ಬೇಡ."

ತಿರುಗಿ ಬಂದೆ. ಡೆಸ್ಕಿನಿಂದ ಕೇಳಿದರು, ಆ ಊರಿನಲ್ಲಿ ಸೇತುವೆ ಇಲ್ಲದೆ ಒಬ್ಬರು ತೀರಿಕೊಂಡರಂತೆ, ಮನೆಯವರ ಬೈಟ್ ಸಿಗುತ್ತದಾ ಎಂದು. ಸಿಗುವುದಿಲ್ಲ ಎಂದೆ. ಬೇರೆ ಪತ್ರಿಕೆಯಲ್ಲಿ ಬಂತು.

ಶ್ರಾವ್ಯ ಕಾಲೇಜಿಗೆ ಒಪ್ಪಿಸಿದ ವರದಿಯಲ್ಲಿ ಈ ಸುದ್ದಿಯನ್ನೂ ಬರೆದಿದ್ದಳಂತೆ. ಬೈಟ್ ತಪ್ಪಾಗಿ ಎಡಿಟ್ ಆದರೆ ವರದಿಗಾರ ಏನು ಮಾಡಬೇಕು ಎಂದು ಪರೀಕ್ಷಕರು ಕೇಳಿದಾಗ, ತಿದ್ದುಪಡಿ ಹಾಕಿಸಬೇಕು ಎಂದು ಪುಸ್ತಕದಲ್ಲಿದ್ದ ಉತ್ತರವನ್ನೇ ಹೇಳಿದಳಂತೆ. ಒಳ್ಳೆಯ ಅಂಕ ಬಂತು. ಫೋನಿನಲ್ಲಿ ಇದನ್ನು ಹೇಳುವಾಗ ಅವಳು ನಗಲಿಲ್ಲ, ಅಳಲೂ ಇಲ್ಲ. ಈಗ ಅವಳು ಪುತ್ತೂರಿನ ಒಂದು ಬಟ್ಟೆ ಅಂಗಡಿಯ ಇನ್‌ಸ್ಟಾಗ್ರಾಮ್ ನೋಡಿಕೊಳ್ಳುತ್ತಾಳೆ. ಪತ್ರಿಕೆಗೆ ಬಾ ಎಂದು ನಾನು ಕರೆಯಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಹೇಳಿದ್ದನ್ನು ಹೇಳಿದ ಹಾಗೇ ಹಾಕಿದರೆ ಸತ್ಯ ಹಾಕಿದ ಹಾಗೆ ಎಂದು ನಾನು ನಂಬಿದ್ದೆ, ಮಕ್ಕಳಿಗೂ ಅದನ್ನೇ ಹೇಳುತ್ತಿದ್ದೆ. ಆ ನಲವತ್ತು ಸೆಕೆಂಡಿನಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ನಮ್ಮ ಜನ ನಿಜವಾದ ಮಾತನ್ನು ಕೊನೆಗೆ ಇಡುತ್ತಾರೆ. ಓದುವ ನೋಡುವ ಲೋಕ ಮೊದಲಿನದನ್ನು ಮಾತ್ರ ತೆಗೆದುಕೊಳ್ಳುತ್ತದೆ. ಈಗ ನಾನು ಬರುವ ಮಕ್ಕಳಿಗೆ, ಮೊದಲ ಮಾತು ಮುಗಿಯುವ ತನಕ ಫೋನ್ ಒತ್ತಬೇಡಿ ಎನ್ನುತ್ತೇನೆ. ಅವರು ಹಾಗೇ ಮಾಡುತ್ತಾರೆ. ಆದರೆ ಫೋನ್ ಹಿಡಿದ ಕೂಡಲೇ ಎದುರಿನವರು ಮತ್ತೆ ನಮಸ್ಕಾರದಿಂದ ಶುರು ಮಾಡುತ್ತಾರೆ. ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಬೇಡ ಎಂದರೆ ಅವರು ಬೇಡಿಕೆಯನ್ನೂ ಹೇಳುವುದಿಲ್ಲ.

ಈಗ ನನ್ನಲ್ಲಿರುವುದು: ಒಂದು ಸ್ಕೂಟರ್, ಎರಡು ಫೋನ್, ಪುತ್ತೂರಿನ ಕಚೇರಿಯಲ್ಲಿ ಒಂದು ಕುರ್ಚಿ, ಈ ವರ್ಷಕ್ಕೆ ಬಂದ ಮೂವರು ವಿದ್ಯಾರ್ಥಿಗಳು. ಎರಡು ತಾಲೂಕಿನಲ್ಲಿ ಹೇಳದೆ ಕೇಳದೆ ಒಳಗೆ ಹೋಗಬಹುದಾದ ನೂರಾರು ಮನೆ. ಆ ಹೊಳೆಯ ಆಚೆ, ಒಂದೂ ಇಲ್ಲ.